ಸ್ತ್ರೀವೇಷದ ನಡೆ

ನನಗೆ ಹೆಣ್ಣಿನ ನಡೆ ಕಲಿಸಿದವರು ಒಬ್ಬ ಗಂಡಸು. ಪುತ್ತೂರು ಕಡೆಯ ಶಾಲೆಯೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೆ ನಮ್ಮೂರಿನ ಹೆಂಗಸರ ಹವ್ಯಾಸಿ ಯಕ್ಷಗಾನ ತಂಡಕ್ಕೆ ಸೇರಿದೆ. ಕಲಿಸಲು ಬರುತ್ತಿದ್ದವರು ಮೇಳಗಳಲ್ಲಿ ಬಹುಕಾಲ ಸ್ತ್ರೀವೇಷ ಮಾಡಿ ಗೆಜ್ಜೆ ಬಿಚ್ಚಿದ ಹಿರಿಯರು. ಇಬ್ಬರು ಮಕ್ಕಳನ್ನು ಹೆತ್ತು ಬೆಳೆಸಿದ ನಾನು ದಮಯಂತಿಯಾಗಿ ನಾಲ್ಕು ಹೆಜ್ಜೆ ಇಟ್ಟದ್ದನ್ನು ನೋಡಿ ಅವರು ಹೇಳಿದರು: "ಟೀಚರೇ, ನೀವು ನಡೆದದ್ದು ಹೆಂಗಸು ನಡೆದ ಹಾಗೆ ಉಂಟು. ಸ್ತ್ರೀವೇಷ ನಡೆದ ಹಾಗಿಲ್ಲ." ಆಮೇಲೆ ತಾವೇ ಎದ್ದು, ಪಂಚೆಯ ಅಂಚನ್ನು ಬೆರಳ ತುದಿಯಲ್ಲಿ ಹಿಡಿದು ನಡೆದು ತೋರಿಸಿದರು. ಎಪ್ಪತ್ತು ದಾಟಿದ ಮೈ, ಬಿಳಿಯ ಕುರುಚಲು ಗಡ್ಡ. ಆದರೂ ಅಲ್ಲಿ ನಡೆದು ಹೋದವಳು ದಮಯಂತಿಯೇ.

ಗಂಡುತನ, ಹೆಣ್ಣುತನ ಎಂಬುದು ಹುಟ್ಟುವಾಗಲೇ ಬರುತ್ತದೆಯೋ, ಸಮಾಜ ಕಟ್ಟಿಕೊಡುತ್ತದೆಯೋ ಎಂಬ ಚರ್ಚೆ ಈಗ ಕಾಲೇಜುಗಳಲ್ಲೂ ಪತ್ರಿಕೆಗಳಲ್ಲೂ ಬಿಸಿಯಾಗಿ ನಡೆಯುತ್ತದೆ. ಸಿಮೊನ್ ದ ಬೋವಾ 1949ರಲ್ಲಿ, ಜೂಡಿತ್ ಬಟ್ಲರ್ 1990ರಲ್ಲಿ ಬರೆದ ಪುಸ್ತಕಗಳ ಹೆಸರು ಆ ಚರ್ಚೆಯಲ್ಲಿ ಬಂದೇ ಬರುತ್ತದೆ. ನನಗೋ ಈ ಪ್ರಶ್ನೆಯನ್ನು ಹೆಣ್ಣುತನವನ್ನೇ ಕಸುಬು ಮಾಡಿಕೊಂಡು ಬದುಕಿದ ಗಂಡಸರ ಕಡೆಯಿಂದ ನೋಡಬೇಕು ಅನ್ನಿಸುತ್ತದೆ. ಹೆಣ್ಣುತನದಲ್ಲಿ ಕಲಿತು ಬರುವ ಪಾಲು ಎಷ್ಟು ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಅವರು ಅದನ್ನು ಮೊದಲಕ್ಷರದಿಂದ ಕಲಿತವರು.

ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲ ಕಳೆದು ಪೂರ್ವರಂಗದ ಸ್ತ್ರೀವೇಷಕ್ಕೆ ಬರುವುದು ಹಳೆಯ ಕ್ರಮ. ಪ್ರಸಂಗ ಶುರುವಾಗುವ ಮೊದಲು, ಜನ ಇನ್ನೂ ಬಂದು ಕೂರುತ್ತಿರುವ ಹೊತ್ತಿನಲ್ಲಿ, ಮೀಸೆ ಮೂಡದ ಹುಡುಗರು ಜೋಡಿಯಾಗಿ ಕುಣಿಯುತ್ತಿದ್ದರು. ಮುಂದೆ ಅವನ ಮೈಕಟ್ಟು, ಮುಖ, ಸ್ವರ ನೋಡಿ ಎಳೆಯ ವೀರರ ಪುಂಡುವೇಷಕ್ಕೋ ರಾಜರ ಕಿರೀಟ ವೇಷಕ್ಕೋ ರಾಕ್ಷಸರ ಬಣ್ಣಕ್ಕೋ ಕಳಿಸುವರು. ಕೆಲವರು ಸ್ತ್ರೀವೇಷದಲ್ಲೇ ಉಳಿದು ಅದರಲ್ಲೇ ಹೆಸರು ಮಾಡುವರು. ಅಂದರೆ ಮುಂದೆ ರಾವಣನಾಗಿ ಅಬ್ಬರಿಸುವವನೂ ಕಲಿಕೆಯ ದಾರಿಯಲ್ಲಿ ಒಮ್ಮೆ ಹೆಣ್ಣಾಗಿ ಕುಣಿದೇ ಬರಬೇಕಿತ್ತು.

ಇನ್ನು ಹೆಣ್ಣು ಎಂದರೆ ವೇಷ ಕಟ್ಟುವ ಚೌಕಿಯಲ್ಲಿ ಒಂದೇ ಬಗೆ ಇರಲಿಲ್ಲ. ದಮಯಂತಿ, ಚಂದ್ರಮತಿಯಂಥ ಗರತಿಯರು ಬೇರೆ. ಮೇನಕೆ, ಮೋಹಿನಿಯಂಥ ಶೃಂಗಾರದ ವೇಷ ಬೇರೆ. ಪ್ರಮೀಳೆ, ಶಶಿಪ್ರಭೆ, ಭ್ರಮರಕುಂತಳೆಯರು ಕಸೆ ಸ್ತ್ರೀವೇಷಗಳು: ಬಿಲ್ಲು ಹಿಡಿದು ಗಂಡಸಿಗೆ ಎದುರು ನಿಲ್ಲುವವರು, ಗಂಡುಗತ್ತಿನ ಕುಣಿತದವರು. ಶೂರ್ಪನಖಿ, ಅಜಮುಖಿ, ಪೂತನಿಯಂಥ ರಾಕ್ಷಸಿಯರದ್ದು ಹೆಣ್ಣುಬಣ್ಣ. ಅದನ್ನು ಮಾಡುವವನು ಸ್ತ್ರೀವೇಷದವನಲ್ಲ, ಬಣ್ಣದ ವೇಷಧಾರಿ. ಇದರಲ್ಲಿ ಬಹಳ ದಿನ ನನ್ನನ್ನು ಕಾಡಿದ ಸಂಗತಿಯೊಂದಿದೆ. ಪಂಚವಟಿಗೆ ಬರುವ ಶೂರ್ಪನಖಿಗೆ ಇಬ್ಬರು ವೇಷಧಾರಿಗಳು. ರಾಮನ ಮುಂದೆ ನಾಚಿ ಬಳುಕಿ ಬರುವವಳು ಮಾಯಾ ಶೂರ್ಪನಖಿ, ಅದು ಸ್ತ್ರೀವೇಷದವನ ಪಾಲು. ನಿಜರೂಪದ ಘೋರ ಶೂರ್ಪನಖಿ ಬಣ್ಣದವನ ಪಾಲು. ಹೆಣ್ಣು ಒಬ್ಬಳೇ. ಆದರೆ ಗಂಡಸಿಗೆ ಒಪ್ಪುವ ಹಾಗೆ ನಡೆದರೆ ಅದಕ್ಕೆ ಮಾಯೆ ಎಂದು ಹೆಸರು, ತನಗೆ ತೋಚಿದ ಹಾಗೆ ನಡೆದರೆ ಘೋರ. ನಮ್ಮ ಪ್ರಸಂಗಕರ್ತರಿಗೂ ವೇಷಧಾರಿಗಳಿಗೂ ಒಲಿಸುವ ಹೆಣ್ಣುತನ ಹಾಕಿಕೊಂಡದ್ದು ಎಂಬುದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೂಗು ಕೊಯ್ಯುವುದು ಘೋರರೂಪದವಳದ್ದನ್ನೇ.

ಒಂದು ಸ್ತ್ರೀವೇಷ ಸಿದ್ಧವಾಗಲು ಬೇಕಾಗುವ ಶ್ರಮವನ್ನು ಹತ್ತಿರದಿಂದ ಕಂಡವರಿಗೆ ಹೆಣ್ಣುತನ ಸಹಜವಾಗಿ ಹರಿದು ಬರುತ್ತದೆ ಎಂದು ಹೇಳುವ ಧೈರ್ಯ ಬರಲಾರದು. ನುಣ್ಣಗೆ ಕ್ಷೌರ ಮಾಡಿದ ಮುಖಕ್ಕೆ ಅರದಾಳ ಮತ್ತು ಸಫೇತು ಕಲಸಿ ತೀಡುವುದು, ಇಂಗಳೀಕದಲ್ಲಿ ತುಟಿ, ಕಾಡಿಗೆಯಲ್ಲಿ ಹುಬ್ಬು. ಎದೆಗೆ ಬಟ್ಟೆಯ ಕಟ್ಟು. ಸೊಂಟಪಟ್ಟಿ, ತೋಳುಕಟ್ಟು, ಅಡ್ಡಿಗೆ, ಬೈತಲೆ ಬೊಟ್ಟು, ಬೆನ್ನುದ್ದದ ಜಡೆ. ಕಷ್ಟ ಶುರುವಾಗುವುದು ಇಷ್ಟೆಲ್ಲ ಆದ ಮೇಲೆ. ದಪ್ಪ ಕಂಠದಲ್ಲೇ ಅರ್ಥ, ಅಂದರೆ ಪಾತ್ರದ ಮಾತು, ಹೇಳಬೇಕು, ಅದು ಹೆಣ್ಣಿನ ಮಾತು ಅನ್ನಿಸಬೇಕು. ನಮ್ಮ ಗುರುಗಳು ಸ್ವರ ಕೀರಲು ಮಾಡಲು ಒಪ್ಪುತ್ತಲೇ ಇರಲಿಲ್ಲ. ಮಾತಿನ ಕೊನೆಯನ್ನು ಹೇಗೆ ಇಳಿಸುವುದು, ಎದುರಿನವನ ಮುಖ ನೋಡುವ ಮೊದಲು ಎಲ್ಲಿ ನೋಡುವುದು, ಸಿಟ್ಟು ಬಂದಾಗ ಯಾವ ಬೆರಳು ಮಡಿಚುವುದು ಎಂಬುದನ್ನೇ ತಿದ್ದುವರು. ಈ ವಿವರಗಳೆಲ್ಲ ಎಲ್ಲಿಂದ ಬಂದವು ಎಂದು ಕೇಳಿದರೆ, ಕೆಲವು ತಮ್ಮ ಗುರುಗಳಿಂದ, ಕೆಲವು ಮದುವೆ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಹೆಂಗಸರನ್ನು ದೂರದಿಂದ ನೋಡಿ ಎನ್ನುತ್ತಿದ್ದರು.

ತೆಂಕಿನ ಹೆಸರಾಂತ ಸ್ತ್ರೀವೇಷಧಾರಿ ಪಾತಾಳ ವೆಂಕಟರಮಣ ಭಟ್ಟರು ಬೇಲೂರಿನ ಶಿಲಾಬಾಲಿಕೆಯರನ್ನು ನೋಡಿ ತಮ್ಮ ವೇಷದ ಆಭರಣ, ಭಂಗಿಗಳನ್ನು ತಿದ್ದಿಕೊಂಡವರು. ಯೋಚಿಸಿ ನೋಡಿ. ಹನ್ನೆರಡನೆಯ ಶತಮಾನದ ಗಂಡು ಶಿಲ್ಪಿಗಳು ತಮ್ಮ ಮನಸ್ಸಿನ ಹೆಣ್ಣನ್ನು ಕಲ್ಲಿನಲ್ಲಿ ಕಡೆದರು. ಎಂಟು ನೂರು ವರ್ಷ ಕಳೆದು ಒಬ್ಬ ಗಂಡು ಕಲಾವಿದ ಆ ಕಲ್ಲನ್ನು ತನ್ನ ಮೈಗೆ ತಂದುಕೊಂಡ. ಇವತ್ತು ನಮ್ಮೂರಿನ ಹೆಣ್ಣುಮಕ್ಕಳು ಅದನ್ನು ಅವರ ಶಿಷ್ಯರಿಂದ, ಶಿಷ್ಯರ ಶಿಷ್ಯರಿಂದ ಕಲಿಯುತ್ತಾರೆ. ಆ ದಾರಿಯುದ್ದಕ್ಕೂ ಎಲ್ಲಿಯೂ ಹೆಂಗಸೊಬ್ಬಳ ಮಾತು ಕೇಳಿಸುವುದಿಲ್ಲ. ಆದರೂ ಅದರ ಕೊನೆಯಲ್ಲಿ ನಿಂತದ್ದು ಎಷ್ಟು ಚೆಲುವಾಗಿದೆ ಎಂಬುದನ್ನೂ ನಾನು ಹೇಳಲೇಬೇಕು. ಕಟ್ಟಿದ್ದು ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ.

ಇದು ಕರಾವಳಿಯ ಕಥೆ ಮಾತ್ರವೂ ಅಲ್ಲ. ಉತ್ತರ ಕನ್ನಡದ ಕರ್ಕಿಯ ಮೇಳ 1840ರ ದಶಕದಲ್ಲಿ ಸಾಂಗ್ಲಿಗೆ ಹೋಗಿ ಅಲ್ಲಿಯ ರಾಜನ ಮುಂದೆ ಆಟ ಆಡಿತು. ಅಂಥದ್ದೊಂದು ಮರಾಠಿಯಲ್ಲೂ ಆಗಲಿ ಎಂದು ವಿಷ್ಣುದಾಸ ಭಾವೆ 1843ರಲ್ಲಿ ಸೀತಾಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಅಲ್ಲಿಂದಲೇ. ಕಥೆ, ಕುಣಿತಗಳ ಜೊತೆಗೆ ಗಂಡಸೇ ಹೆಣ್ಣಾಗುವ ಪದ್ಧತಿಯೂ ಅಲ್ಲಿ ಮುಂದುವರಿಯಿತು. ಸವದತ್ತಿ ಬಳಿಯ ಗುರ್ಲಹೊಸೂರಿನವರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲ ಆಡಿಸಿದರು. ಅವರು ಕಟ್ಟಿದ ಮಂಡಳಿಗೆ 1905ರಲ್ಲಿ ನಾರಾಯಣ ಶ್ರೀಪಾದ ರಾಜಹಂಸ ಎಂಬ ಹದಿನೇಳರ ಹುಡುಗ ಬಂದು ಶಕುಂತಳೆಯಾದ. ನಾಡು ಅವನನ್ನು ಬಾಲಗಂಧರ್ವ ಎಂದು ಕರೆಯಿತು.

ಬಾಲಗಂಧರ್ವರ ಸೀರೆಯ ನಿರಿಗೆ, ಮುಡಿಗೆ ಹೂ ಸುತ್ತುವ ಬಗೆ, ಒಡವೆ ತೊಡುವ ರೀತಿ ಇವೆಲ್ಲ ನಾಟಕ ನೋಡಲು ಬಂದ ಮನೆತನಸ್ಥ ಹೆಂಗಸರ ಮೂಲಕ ಮನೆಗಳನ್ನು ಹೊಕ್ಕವು. ಮದುವೆಯಲ್ಲಿ ಸೊಸೆ ಹೇಗೆ ಉಡಬೇಕು ಎಂಬುದನ್ನು ಒಬ್ಬ ಗಂಡಸು ಉಟ್ಟು ತೋರಿಸಿದ ಕಾಲ ಅದು. 1911ರಲ್ಲಿ ಮಾನಾಪಮಾನ ನಾಟಕದ ಮೊದಲ ಪ್ರಯೋಗದ ದಿನವೇ ಅವರ ಎಳೆಯ ಮಗಳು ತೀರಿಕೊಂಡಳು. ಆಟ ನಿಲ್ಲಿಸಬಾರದು ಎಂದು ಅವರು ಅಂದು ಭಾಮಿನಿಯಾಗಿ ರಂಗಕ್ಕೆ ಬಂದರು. ಮಗಳನ್ನು ಕಳೆದುಕೊಂಡ ತಂದೆ ಬಣ್ಣದೊಳಗೆ ಹಾಗೆಯೇ ಇದ್ದ. ಸ್ತ್ರೀವೇಷದ ಬಗ್ಗೆ ಮಾತಾಡುವಾಗ ಆ ಒಳಗಿನವನನ್ನು ನಾವು ಮರೆತೇಬಿಡುತ್ತೇವೆ.

1938ರಲ್ಲಿ ಬಾಲಗಂಧರ್ವರ ಸ್ವಂತ ಗಂಧರ್ವ ಮಂಡಳಿಗೆ ಬಂದವರು ಗೋಹರ್‌ಬಾಯಿ ಕರ್ನಾಟಕಿ. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು, ಸಿನಿಮಾ ಗಾಯಕಿ ಅಮೀರಬಾಯಿಯ ಅಕ್ಕ. ಬಾಲಗಂಧರ್ವರ ಹಾಡುಗಾರಿಕೆಯನ್ನು ಅವರದೇ ಧಾಟಿಯಲ್ಲಿ ಹಾಡುವುದಕ್ಕೆ ಗೋಹರ್ ಹೆಸರಾದವರು. ಬಾಲಗಂಧರ್ವರು ಆಡುತ್ತಿದ್ದ ನಾಯಕಿಯರ ಪಾತ್ರಗಳು ಕ್ರಮೇಣ ಗೋಹರ್ ಕೈಗೆ ಬಂದವು. ಬೀಳಗಿಯ ಒಬ್ಬ ಹೆಣ್ಣುಮಗಳು ರಂಗದ ಮೇಲೆ ಹೆಣ್ಣಾಗಲು ಗಂಡಸೊಬ್ಬನ ಹೆಣ್ಣುದನಿಯನ್ನು ಕಲಿಯಬೇಕಾಯಿತು. ಆದರೂ ಬಾಲಗಂಧರ್ವರ ಹಳೆಯ ಮೆಚ್ಚುಗೆಯವರಲ್ಲಿ ಬಹಳ ಮಂದಿ ಆಕೆಯನ್ನು ಒಪ್ಪಲಿಲ್ಲ, ಅವರ ಬಾಳಿಗೆ ಬಂದ ಪರಕೀಯಳು ಎಂದೇ ನೋಡಿದರು. ನಮ್ಮ ಉತ್ತರ ಕರ್ನಾಟಕದ ಕಲಾಚರಿತ್ರೆ ಆಕೆಗೆ ಇನ್ನೂ ಋಣಿಯಾಗಿದೆ.

ಹೆಂಗಸರು ಹಾಗಾದರೆ ಎಲ್ಲಿದ್ದರು? ಹಾಡಿ ಕುಣಿಯುವ ಹೆಂಗಸರು ನಮ್ಮಲ್ಲಿ ಬೇಕಾದಷ್ಟಿದ್ದರು. ಭರತನ ನಾಟ್ಯಶಾಸ್ತ್ರವೇ ಹೆಂಗಸು ಗಂಡಿನ ಪಾತ್ರವನ್ನೂ ಗಂಡಸು ಹೆಣ್ಣಿನ ಪಾತ್ರವನ್ನೂ ಮಾಡುವ ಮಾತು ಹೇಳುತ್ತದೆ. ಕೇರಳದ ಕೂಡಿಯಾಟ್ಟಂನಲ್ಲಿ ನಂಗಿಯಾರರು ಹೆಣ್ಣಿನ ಪಾತ್ರ ಮಾಡಿಕೊಂಡೇ ಬಂದರು. ಹಾಗಾಗಿ ಹೆಂಗಸು ರಂಗಕ್ಕೆ ಬರಬಾರದು ಎಂಬುದು ಅನಾದಿಯಿಂದ ಬಂದ ನಿಯಮವಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕುಣಿಯುವ ಹೆಂಗಸು ಎಂದರೆ ಸೂಳೆ ಎಂಬ ಸಮೀಕರಣ ಗಟ್ಟಿಯಾಯಿತು. ಮೈಸೂರು ಸರಕಾರ 1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮನೆತನಸ್ಥ ಹೆಂಗಸು ರಂಗಕ್ಕೆ ಬರುವಂತಿಲ್ಲ, ರಂಗದಲ್ಲಿದ್ದವಳು ಮನೆತನಸ್ಥಳಾಗುವಂತಿಲ್ಲ. ಆ ಖಾಲಿ ಜಾಗವನ್ನು ತುಂಬಿದವನು ಸ್ತ್ರೀವೇಷದ ಗಂಡಸು. ದಾದಾಸಾಹೇಬ ಫಾಲ್ಕೆಯವರು 1913ರ ರಾಜಾ ಹರಿಶ್ಚಂದ್ರ ಸಿನಿಮಾ ತೆಗೆಯುವಾಗ ತಾರಾಮತಿಯಾಗಲು ಹೆಂಗಸರು ಸಿಗದೆ, ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆಗೆ ಸೀರೆ ಉಡಿಸಿದರು. 1917ರ ಲಂಕಾದಹನದಲ್ಲಿ ಅದೇ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು. ಇತ್ತ 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ, ವೀರಣ್ಣನವರ ಕೈಗೆ ಬಂದ ಮೇಲೆ ಹೆಂಗಸರನ್ನು ಧೈರ್ಯವಾಗಿ ರಂಗಕ್ಕೆ ತಂದಿತು. ಬಿ. ಜಯಮ್ಮನಂಥ ನಟಿ ಬಂದ ಮೇಲೆ ನಾಟಕ ಕಂಪನಿಗಳಲ್ಲಿ ಗಂಡಸರ ಸ್ತ್ರೀಪಾತ್ರ ಕರಗುತ್ತ ಹೋಯಿತು. ಯಕ್ಷಗಾನದ ಮೇಳಗಳಲ್ಲಿ ಹಾಗಾಗಲಿಲ್ಲ.

ಯಾಕೆ ಎಂದು ಕೇಳಿದರೆ ನಮ್ಮಲ್ಲಿ ಮೊದಲು ಹೇಳುವುದು ಮೈಯ ಕಾರಣ. ನಾನು ಮೈಯನ್ನು ಅಲ್ಲಗಳೆಯುವವಳಲ್ಲ. ಬಸುರು, ಬಾಣಂತನ, ತಿಂಗಳ ಮುಟ್ಟು, ಐವತ್ತರ ಆಚೆಯ ಮೂಳೆನೋವು ಇವನ್ನು ಯಾವ ಸಮಾಜವೂ ನನಗೆ ಕಲಿಸಿಕೊಡಲಿಲ್ಲ. ಅವು ಬಂದವು, ನಾನು ಅನುಭವಿಸಿದೆ. ಮೈ ಕೂಡ ಬರೀ ಮಾತಿನಿಂದ ಆದದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹಾಗೆಂದು ಎಲ್ಲ ಮೈಗಳೂ ಎರಡು ಪೆಟ್ಟಿಗೆಗಳಲ್ಲಿ ಸರಿಯಾಗಿ ಕೂರುತ್ತವೆ ಎಂಬುದೂ ನಿಜವಲ್ಲ. ಕ್ರೋಮೋಸೋಮು ಒಂದು ಹೇಳಿ, ಹಾರ್ಮೋನು, ಅಂಗಾಂಗಗಳು ಇನ್ನೊಂದು ಹೇಳುವ ದೇಹದಲ್ಲಿ ಹುಟ್ಟುವವರಿದ್ದಾರೆ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 800 ಮೀಟರ್ ಓಟದ ಬೆಳ್ಳಿ ಗೆದ್ದ ತಮಿಳುನಾಡಿನ ಶಾಂತಿ ಸೌಂದರಾಜನ್ ಅವರ ಪದಕವನ್ನು ಲಿಂಗಪರೀಕ್ಷೆಯ ಮೇಲೆ ಕಿತ್ತುಕೊಂಡರು. ಹುಟ್ಟಿದಂದಿನಿಂದ ಹೆಣ್ಣಾಗಿ ಬಾಳಿದವಳಿಗೆ ನೀನು ಹೆಣ್ಣಲ್ಲ ಎಂದು ಹೇಳಿದ್ದು ಒಂದು ಸಮಿತಿ. ಮೈಯನ್ನು ಕೊಟ್ಟದ್ದು ಪ್ರಕೃತಿ, ಗೆರೆ ಎಳೆದದ್ದು ಮನುಷ್ಯರು.

ಮೇಳದಲ್ಲಿಯೂ ಹೀಗೇ. ಹೆಂಗಸಿನ ಶ್ರುತಿ ಗಂಡಸಿನದಕ್ಕಿಂತ ಎತ್ತರ, ಇದು ದೇಹದ ಸತ್ಯ. ಆಟಕ್ಕೆ ಹಾಡುವ ಭಾಗವತರ ಶ್ರುತಿಗೆ ಮದ್ದಲೆ ಹೊಂದಬೇಕು, ಇದು ಕಲೆಯ ಸತ್ಯ. ಆದ್ದರಿಂದ ಹೆಂಗಸು ಭಾಗವತಿಕೆ ಮಾಡಬಾರದು ಎಂಬುದು ಯಾವ ಸತ್ಯ? ನಮ್ಮ ತಂಡ ಎತ್ತರದ ಶ್ರುತಿಯ ಬೇರೆ ಮದ್ದಲೆ ತರಿಸಿತು, ಸಮಸ್ಯೆ ಅಲ್ಲಿಗೆ ಮುಗಿಯಿತು. ಲೀಲಾವತಿ ಬೈಪಡಿತ್ತಾಯರು ಮದ್ದಲೆಗಾರರಾದ ಪತಿ ಹರಿನಾರಾಯಣ ಬೈಪಡಿತ್ತಾಯರ ಜೊತೆ ಮೇಳದ ತಿರುಗಾಟ ಮಾಡಿ, ರಾತ್ರಿಯಿಡೀ ಹಾಡಿ, ತೆಂಕುತಿಟ್ಟಿನ ಮೊದಲ ವೃತ್ತಿಪರ ಭಾಗವತೆಯಾದರು. ಚೌಕಿಯಲ್ಲಿ ಗಣಪತಿ ಪೂಜೆ ನಡೆಯುತ್ತದೆ, ಮುಟ್ಟಾದವಳು ಅಲ್ಲಿ ಹೇಗೆ ಇರುವುದು ಎಂಬುದು ಇನ್ನೊಂದು ಕಾರಣ. ಮುಟ್ಟು ಮೈಯದ್ದು, ಮೈಲಿಗೆ ನಮ್ಮದು.

ಇನ್ನು ಸ್ತ್ರೀವೇಷದ ಗಂಡಸರ ಪಾಡು. ರಂಗದಲ್ಲಿ ಅವರಿಗೆ ಸನ್ಮಾನ, ಬಿರುದು, ನೋಟಿನ ಹಾರ. ಬೆಳಗಾದರೆ, ಹುಬ್ಬು ತೀಡಿದ ಕಾಡಿಗೆ ಸರಿಯಾಗಿ ಹೋಗದ ಮುಖದಲ್ಲಿ ಬಸ್ಸು ಹತ್ತಿದಾಗ ಹಿಂದಿನ ಸೀಟಿನ ನಗು. ಹೆಣ್ಣು ನೋಡಲು ಹೋದ ಮನೆಯಲ್ಲಿ ತಮ್ಮ ವೇಷ ಯಾವುದೆಂದು ಹೇಳಲು ನಮ್ಮ ಗುರುಗಳು ಹಿಂಜರಿದಿದ್ದರಂತೆ. ಹೆಣ್ಣಾಗು, ಆದರೆ ಬಣ್ಣ ಒರೆಸಿದ ಕೂಡಲೇ ಪೂರ್ತಿ ಗಂಡಾಗಿಬಿಡು ಎಂಬುದು ಅವರ ಮೇಲೆ ಹೇರಿದ ಕರಾರು. ಒರೆಸಲು ಒಪ್ಪದವರ ಮೇಲೆ ಕಾನೂನೇ ಬಿತ್ತು. ಬ್ರಿಟಿಷರು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೆಯ ಭಾಗದಲ್ಲಿ, ತಾವು ಷಂಡರೆಂದು ಪಟ್ಟಿ ಮಾಡಿದವರು ಬೀದಿಯಲ್ಲಿ ಹೆಣ್ಣುಡುಗೆ ತೊಟ್ಟರೆ, ಕುಣಿದರೆ ಎರಡು ವರ್ಷದವರೆಗೆ ಸೆರೆವಾಸ ಎಂದರು. ಮುಖ್ಯವಾಗಿ ಉತ್ತರ ಭಾರತದಲ್ಲಿ ನಡೆದ ಕಾನೂನು ಅದು. ಅದೇ ಮಾದರಿಯ ಕಾನೂನನ್ನು ನಿಜಾಮನ ಹೈದರಾಬಾದ್ ಸಂಸ್ಥಾನ 1919ರಲ್ಲಿ ತಂದಿತು. ಇಂದಿನ ಕಲಬುರಗಿ, ರಾಯಚೂರು, ಬೀದರ್ ಆಗ ಅದೇ ಸಂಸ್ಥಾನದ ಭಾಗ. ಶಕುಂತಳೆಯ ಸೀರೆ ಉಟ್ಟ ಗಂಡಸಿಗೆ ಪುಣೆ, ಧಾರವಾಡದ ಜನ ಚಪ್ಪಾಳೆ ತಟ್ಟಿದ್ದು ಇದೇ ಕಾಲದಲ್ಲಿ. ಎರಡೂ ಕಡೆ ಇದ್ದದ್ದು ಗಂಡುಮೈಗೆ ಸೀರೆಯೇ.

ಇದು ಹಳೆಯ ಕಾಲದ ಮಾತು ಎಂದು ಬಿಡುವ ಹಾಗಿಲ್ಲ. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೇ 36ಎ ಎಂಬ ಸೆಕ್ಷನ್ ಸೇರಿಸಿ, ಲಿಂಗಪರಿವರ್ತಿತ ಸಮುದಾಯದವರ ಹೆಸರು, ವಾಸಸ್ಥಳಗಳ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟರು. 1871ರ ಆ ಸಂಶಯವೇ ಅದರಲ್ಲೂ ಇತ್ತು. ಸಮುದಾಯದವರು ಹೈಕೋರ್ಟಿಗೆ ಹೋದರು, 2016ರಲ್ಲಿ ಅದರ ಪದಗಳನ್ನು ತಿದ್ದಿದರು. ಅಷ್ಟರಲ್ಲಿ, 2014ರ ಏಪ್ರಿಲ್ 15ರಂದು, ಗಂಡೋ ಹೆಣ್ಣೋ ಇನ್ನೊಂದೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದ್ದೇ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತ್ತು. ಜೋಗತಿ ನೃತ್ಯದ, ಲಿಂಗಪರಿವರ್ತಿತ ಮಹಿಳೆ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದಾಗ ನಾನು ಟಿವಿ ಮುಂದೆ ಕೂತು ಅತ್ತಿದ್ದೇನೆ. ಆಕೆ ಬಣ್ಣ ಒರೆಸಿ ಬರಬೇಕಾಗಿರಲಿಲ್ಲ.

ಹೆಂಗಸರು ಬಂದ ಮೇಲೆ ಗಂಡಸರ ಸ್ತ್ರೀವೇಷ ಯಾಕೆ ಎಂದು ಕೇಳುವವರು ಈಗ ನಮ್ಮ ಕಡೆಯೂ ಇದ್ದಾರೆ. ಅದು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಆರ್. ಗಣೇಶರ ಜೊತೆ ಕಟ್ಟಿದ ಏಕವ್ಯಕ್ತಿ ಪ್ರಯೋಗ ‘ಭಾಮಿನಿ’ಯಂಥದ್ದನ್ನು ಕಳೆದುಕೊಂಡು ನಾವು ಪಡೆಯುವುದೇನು? ಬೇಕಾದದ್ದು ದಾರಿ ಎರಡೂ ಕಡೆಗೆ ತೆರೆದಿರುವುದು. ಸ್ತ್ರೀವೇಷಕ್ಕೆ ಹೆಸರಾದ ಕೋಳ್ಯೂರು ರಾಮಚಂದ್ರ ರಾಯರ ಮಗಳು ವಿದ್ಯಾ ಕೋಳ್ಯೂರು ತಮ್ಮದೇ ತಂಡ ಕಟ್ಟಿ, ಗಂಡುವೇಷ ತೊಟ್ಟು, ಕಡಲಾಚೆಗೂ ಹೋಗಿ ಕುಣಿದರು. ತಂದೆ ಹೆಣ್ಣಾಗಿ, ಮಗಳು ಗಂಡಾಗಿ, ಇಬ್ಬರೂ ಒಂದೇ ಕಲೆಯಲ್ಲಿ ಬೆಳೆದರು. ನಮ್ಮ ತಂಡದಲ್ಲಿ ಮಹಿಷಾಸುರ ಮಾಡುವವಳು ಅಂಗನವಾಡಿ ಕಾರ್ಯಕರ್ತೆ. ಕಿರೀಟ ವೇಷ ಕಲಿಯಲು ಬಂದ ಕಾಲೇಜು ಹುಡುಗನಿಗೂ ನಮ್ಮ ಗುರುಗಳು ನನಗೆ ಹೇಳಿದ್ದನ್ನೇ ಹೇಳಿದರು: ನೀನು ನಡೆಯುವುದು ಗಂಡಸು ನಡೆದ ಹಾಗೆ ಉಂಟು ಮಗಾ, ಅರ್ಜುನ ನಡೆದ ಹಾಗಿಲ್ಲ. ಗಂಡುತನವನ್ನೂ ಅವನು ಕಲಿಯಬೇಕಿತ್ತು, ಚಕ್ರತಾಳಕ್ಕೆ ಮಂಡಿ ನೋಯಿಸಿಕೊಂಡು.

ಉಡುಪಿ, ದಕ್ಷಿಣ ಕನ್ನಡದ ಶಾಲೆಗಳಲ್ಲಿ ಈಗ ಹುಡುಗಿಯರು ಹುಡುಗರ ಸಮಕ್ಕೆ ಗೆಜ್ಜೆ ಕಟ್ಟುತ್ತಾರೆ. ಶಾಲೆ ಮುಗಿದ ಮೇಲೆ ಹುಡುಗ ಬೇಕಾದರೆ ಮೇಳ ಸೇರಬಹುದು, ದೀಪಾವಳಿಯ ಹೊತ್ತಿಗೆ ಹೊರಟು ಮೇ ತಿಂಗಳ ಪತ್ತನಾಜೆಯವರೆಗೆ ತಿರುಗಾಟ ಮಾಡಿ ಸಂಬಳ ತರಬಹುದು. ದೇವಸ್ಥಾನದ ಹರಕೆ ಮೇಳಗಳಲ್ಲಿ ವೇಷಧಾರಿಣಿಯರು ಹಾಗೆ ತಿರುಗಾಟಕ್ಕೆ ಹೋಗುವ ರೂಢಿ ಬಂದಿಲ್ಲ. ಅವರಿಗೆ ಮಲಗಲು ಬೇರೆ ಕೋಣೆ, ಒಂದು ಶೌಚಾಲಯ, ಹೊಂದುವ ಶ್ರುತಿಯ ಮದ್ದಲೆ, ಬೆಳಗಿನ ಜಾವ ಮನೆ ತಲುಪಿಸುವ ಗಾಡಿ ಬೇಕು. ಇದಕ್ಕೆ ತಗಲುವ ಖರ್ಚಿನ ಲೆಕ್ಕವನ್ನು ನಾವು ಕೆಲವು ಹೆಂಗಸರು ಕೂತು ಬರೆಯುತ್ತಿದ್ದೇವೆ. ಮುಂದಿನ ತಿರುಗಾಟ ಶುರುವಾಗುವ ಮೊದಲು ಅದನ್ನು ಮೇಳದ ಯಜಮಾನರೊಬ್ಬರ ಮುಂದೆ ಇಡುವವರಿದ್ದೇವೆ.